ಇನ್ನೂರ ಐವತ್ತೈದರ ಮೇಲೆ ಒಂದು ಹಿಡಿ

ನಮ್ಮ ಮುತ್ತಜ್ಜ ವಿಷ್ಣುತೀರ್ಥ ಉಪಾಧ್ಯರು ಸಾವಿರ ಎಲೆಯ ಸಂತರ್ಪಣೆಗೆ ಒಬ್ಬರೇ ನಿಂತು ಆರು ಒಲೆ ಆಳಿದವರು. ಕಣ್ಣು ಮುಚ್ಚಿ ಕೂತು, ಸೌದೆಯ ಚಟಪಟ ಕೇಳಿಯೇ, "ಮೂರನೆಯ ಒಲೆಯ ಕೊಳ್ಳಿ ಹಿಂದಕ್ಕೆ ಎಳೆಯೋ" ಎನ್ನುತ್ತಿದ್ದರಂತೆ. ಅವರ ಮಗ, ಅಂದರೆ ನಮ್ಮ ಅಜ್ಜ, ಒಂದು ಸೌಟು ಒಂದು ಚೊಂಬು ಹಿಡಿದು ಬಾರ್ಕೂರಿನಿಂದ ಮದರಾಸಿಗೆ ಬಂದು, ಇದ್ದಿಲ ಒಲೆಯ ಕಾವನ್ನು ಬೀಸಣಿಗೆಯಲ್ಲೇ ಏರಿಸಿ ಇಳಿಸಿ, ಒಂದೇ ಕಾವಲಿಯಲ್ಲಿ ಗರಿಯ ದೋಸೆಯನ್ನೂ ಮೆದು ದೋಸೆಯನ್ನೂ ಎಬ್ಬಿಸಿದ ಮಹಾನುಭಾವರು. ಇನ್ನು ನಮ್ಮ ತಂದೆ! ಮದುವೆ ಮನೆಗಳಲ್ಲಿ ಪೆಟ್ರೋಮ್ಯಾಕ್ಸ್ ದೀಪದ ಪೂರ್ಣಾಧಿಕಾರ ಅವರದು. ಮದುಮಗಳು ಬರುವಾಗ ನಾಲ್ಕು ಪಂಪು ಜಾಸ್ತಿ. ಪಾಯಸ ನೀರಾದ ಪಂಕ್ತಿಗೆ ನಾಲ್ಕು ಪಂಪು ಕಡಿಮೆ. ಹೀಗೆ ಎಷ್ಟೋ ಹೆಣ್ಣು ಹೆತ್ತವರ ಮಾನವನ್ನು ಬರೇ ಗಾಳಿಯಲ್ಲೇ ಉಳಿಸಿದ ಪುಣ್ಯಾತ್ಮರು.

ಇಂಥ ವಂಶದಲ್ಲಿ ಹುಟ್ಟಿ, ಮೈಲಾಪೂರಿನ ಹೋಟೆಲೊಂದರಲ್ಲಿ ನಲವತ್ತೆರಡು ವರ್ಷ ದೊಡ್ಡ ಅಡುಗೆಯವನಾಗಿ ಸೌಟು ತಿರುಗಿಸಿ, ಈಗ ವೆಸ್ಟ್ ಮಾಂಬಲಂನ ಮೂರನೆಯ ಮಹಡಿಯಲ್ಲಿ ನಿವೃತ್ತನಾಗಿ ಕೂತಿರುವ ರಘುರಾಮ ಉಪಾಧ್ಯನೇ ನಾನು. ಎಂಟನೆಯ ಕ್ಲಾಸಿಗೆ ಶಾಲೆಗೆ ನಮಸ್ಕಾರ ಹಾಕಿದವನು. ಆದರೆ ಹೋಟೆಲಿನ ಗ್ರೈಂಡರಿನಿಂದ ಹಿಡಿದು ಮಾಲೀಕರ ಕಿವಿಯ ಮೆಷಿನ್ ತನಕ ಬಿಚ್ಚಿ, ಮತ್ತೆ ಕೂಡಿಸಿ, ಒಂದೆರಡು ಸ್ಕ್ರೂ ಉಳಿಸಿದ್ದೇನೆ. ಎಲ್ಲಾ ಸ್ವಂತ ವಿದ್ಯೆ! ಯಾರ ಹತ್ತಿರವೂ ಕೇಳಿ ಕಲಿತವನಲ್ಲ.

ಆದ್ದರಿಂದ ಆ ದಿನ ನಾನು ಊಟದ ಎಲೆಯ ಮುಂದೆ ಘೋಷಣೆ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

"ಅಡುಗೆಮನೆಯ ಬೆಳಕಿನ ಜವಾಬ್ದಾರಿ ನನ್ನದು!"

ವಿಷಯ ಏನೆಂದರೆ, ಅಡುಗೆ ತೋರಿಸುವ ಚಾನೆಲೊಂದರವರು ನಮ್ಮ ಮನೆಗೆ ಬರುವವರಿದ್ದರು. ನನಗಾಗಿ ಅಲ್ಲ! ಹೋಟೆಲಿನವರ ಮನೆಯೊಳಗೆ ಹೆಂಗಸರು ಏನು ಬೇಯಿಸುತ್ತಾರೆ ಎಂದು ತೋರಿಸುವ ಕಾರ್ಯಕ್ರಮವಂತೆ. ನನ್ನ ಹೆಂಡತಿ ಗುಣವತಿಯ ಕೆಸುವಿನ ಎಲೆಯ ಪತ್ರೊಡೆಯನ್ನು ಅವರು ಆರಿಸಿದ್ದರು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಸಾಂಬಾರನ್ನು ಇಡೀ ಮೈಲಾಪೂರು ಹೊಗಳಿದೆ. ಅವಳ ಪತ್ರೊಡೆಯನ್ನು ಹೊಗಳಿದವರು ನಾವು ಮನೆಯ ನಾಲ್ಕು ಜನ, ಅದೂ ಬಾಯಿ ತುಂಬ ಪತ್ರೊಡೆ ಇದ್ದದ್ದರಿಂದ ಸರಿಯಾಗಿ ಕೇಳಿಸಿರಲಿಲ್ಲ.

"ನನಗೆ ಮುಖ ಕಾಣುವುದೂ ಬೇಡ, ಹೆಸರು ಹಾಕುವುದೂ ಬೇಡ. ಒಂದು ಸಲ ನನ್ನ ಕೈಕೆಲಸ ನಾಲ್ಕು ಜನಕ್ಕೆ ಚಂದ ಕಾಣಲಿ. ಅಷ್ಟೇ" ಎಂದಿದ್ದಳು ಗುಣವತಿ.

ಕೈ ಚಂದ ಕಾಣಬೇಕಾದರೆ ಬೆಳಕು ಬೇಡವೇ? ನಮ್ಮ ಅಡುಗೆಮನೆಯ ಟ್ಯೂಬ್‌ಲೈಟಿನಲ್ಲಿ ಬೆಂಡೆಕಾಯಿಗೂ ಜ್ವರ ಬಂದ ಹಾಗೆ ಕಾಣುತ್ತದೆ!

ಚಾನೆಲಿನ ಹುಡುಗಿ ತೇಜು, ಮೈಸೂರು ಕಡೆಯವಳು, ಫೋನ್ ಮಾಡಿದಳು. "ಅಂಕಲ್, ನಾವು ಎರಡು ದೊಡ್ಡ ಲೈಟ್ ತರ್ತೀವಿ. ಪ್ಲಗ್ ಪಾಯಿಂಟ್ ಎಲ್ಲಿದೆ ಅಂತ..."

"ಲೈಟು ತರ್ಬೇಡಿ!" ಎಂದೆ. "ನಮ್ಮಲ್ಲಿ ಉಂಟು."

"ಯಾವ ಲೈಟ್ ಅಂಕಲ್?"

"ಇನ್ನೂ ಹುಟ್ಟಲಿಲ್ಲ. ನೀವು ಬರುವಷ್ಟರಲ್ಲಿ ಹುಟ್ಟುತ್ತದೆ."

"ಸರಿ... ಅಂಕಲ್" ಎಂದು ಮೆಲ್ಲಗೆ ಫೋನ್ ಇಟ್ಟಳು. ಗೌರವದಿಂದ ಎಂದುಕೊಂಡೆ.

ಮರುದಿನವೇ ರಿಚ್ಚಿ ಸ್ಟ್ರೀಟಿಗೆ ಹೋಗಿ ಎಲ್‌ಇಡಿ ದೀಪಗಳನ್ನು ಸಾಲಾಗಿ ಅಂಟಿಸಿದ ಪಟ್ಟಿ, ಒಂದು ಟ್ರಾನ್ಸಿಸ್ಟರು, ಮತ್ತೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮೈಕ್ರೋಕಂಟ್ರೋಲರ್ ಹಲಗೆ ತಂದೆ. ಹಲಗೆ ಎಂದರೆ ನಾವು ಬರೆದು ಕೊಟ್ಟ ಅಪ್ಪಣೆಯನ್ನು ಎದುರು ಮಾತಿಲ್ಲದೆ ಪಾಲಿಸುವ ಪುಟ್ಟ ಕಂಪ್ಯೂಟರು. ನಮ್ಮ ಮನೆಯಲ್ಲಿ ಅಂಥದ್ದು ಬಂದದ್ದು ಅದೇ ಮೊದಲು.

ಅದರಿಂದ ದೀಪದ ಬೆಳಕನ್ನು ಏರಿಸಿ ಇಳಿಸುವ ವಿದ್ಯೆಗೆ ಪಲ್ಸ್ ವಿಡ್ತ್ ಮಾಡ್ಯುಲೇಷನ್ ಎಂದು ಹೆಸರು. ಹೆಸರು ಕೇಳಿ ಹೆದರಬೇಡಿ. ಹೋಟೆಲಿನಲ್ಲಿ ದುಡಿದವನಿಗೆ ಇದು ನೀರು ಕುಡಿದ ಹಾಗೆ. ಗುಣವತಿಗೆ ನಾನೇ ವಿವರಿಸಿದೆ.

"ನೋಡು ಮಾರಾಯ್ತಿ, ಈ ಹಲಗೆ ದೀಪವನ್ನು ಮಂದ ಮಾಡುವುದೇ ಇಲ್ಲ. ಸೆಕೆಂಡಿಗೆ ಸುಮಾರು ಐನೂರು ಸಲ ಹೊತ್ತಿಸಿ ಆರಿಸ್ತದೆ. ಹೊತ್ತಿದ ಪಾಲು ಜಾಸ್ತಿ ಆದ್ರೆ ಬೆಳಕು ಜಾಸ್ತಿ. ಆರಿದ ಪಾಲು ಜಾಸ್ತಿ ಆದ್ರೆ ಬೆಳಕು ಕಡಿಮೆ. ನಮ್ಮ ಕಣ್ಣು ನಿಧಾನ, ಅದಕ್ಕೆ ಗೊತ್ತೇ ಆಗುವುದಿಲ್ಲ! ಒಬ್ಬನೇ ಸಪ್ಲೈಯರು ಓಡಿ ಓಡಿ ಬಡಿಸಿದ್ರೆ ಗಿರಾಕಿಗೆ ನಾಲ್ಕು ಜನ ಇದ್ದ ಹಾಗೆ ಕಾಣುವುದಿಲ್ವಾ, ಹಾಗೆ."

"ಅಂದ್ರೆ ಅರ್ಧ ಹೊತ್ತು ದೀಪ ಆರಿರ್ತದೆ?"

"ಹೌದು."

"ಅದನ್ನು ಬೆಳಕು ಅಂತ ನಂಬಿಸುವುದು?"

"ಹೌದು!"

"ಸರಿ. ಮನೆ ಕೆಲಸ ನಾನೂ ಮಾಡ್ತೇನೆ ಅಂತ ನೀವು ಇಷ್ಟು ವರ್ಷ ನಂಬಿಸಿದ ಹಾಗೆ" ಎಂದು ಅವಳು ಅಕ್ಕಿ ನೆನೆಹಾಕಲು ಹೋದಳು.

ನಮ್ಮ ಸೊಸೆ ಹರ್ಷಿಣಿ ಇದೇ ಊರಿನಲ್ಲಿ ಚಿಪ್ಪು ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು. ತೆಂಗಿನ ಚಿಪ್ಪಲ್ಲ, ಕಂಪ್ಯೂಟರಿನದು. ಸಂಜೆ ಕೆಲಸದಿಂದ ಬಂದವಳು ನನ್ನ ಹೆಗಲ ಮೇಲಿಂದ ಇಣುಕಿದಳು.

"ಮಾವ, ಐನೂರು ಸಲ ಕಣ್ಣಿಗೆ ಸಾಕು. ಕ್ಯಾಮೆರಾಕ್ಕೆ ಸಾಕಾಗುವುದಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲು ಮಾಡಿದ್ರೆ ವೇಗ ಎಷ್ಟೋ ಪಟ್ಟು ಏರ್ತದೆ. ಮಾಡಿ ಕೊಡ್ಲಾ?"

ನಾನು ಲ್ಯಾಪ್‌ಟಾಪಿನ ಪರದೆಯನ್ನು ಪೇಪರಿನಿಂದ ಮುಚ್ಚಿದೆ. "ನೀನು ಕೈ ಕಾಲು ತೊಳೆದು ಕಾಫಿ ಕುಡಿ ಮಗಾ."

"ಪೂರ್ತಿ ಬೆಳಕು ಹಾಕಿ ಒಮ್ಮೆಯಾದ್ರೂ ನೋಡಿದ್ರಾ?"

ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ಅಡುಗೆಯವರು ನೈವೇದ್ಯಕ್ಕೆ ಮೊದಲು ರುಚಿ ನೋಡುವ ಪದ್ಧತಿಯೇ ಇಲ್ಲ. ಉಪ್ಪು ಸರಿಯಾಗಿದೆಯೇ? ಪರಿಮಳದಲ್ಲೇ ಗೊತ್ತಾಗಬೇಕು! ನಾಲಗೆಗೆ ಹಚ್ಚಿ ನೋಡಿದರೆ ಅದು ಎಂಜಲು. ನಲವತ್ತೆರಡು ವರ್ಷ ಒಂದು ಹನಿ ಸಾರನ್ನೂ ನೆಕ್ಕದೆ ಇಳಿಸಿದವನು ನಾನು. ಅತಿಥಿಗಳು ಕೂರುವ ಮೊದಲೇ ಪೂರ್ತಿ ಬೆಳಕು ಹೊತ್ತಿಸಿ ಕಣ್ಣಲ್ಲೇ ತಿಂದು ಮುಗಿಸುವುದು ಯಾವ ಸಂಸ್ಕಾರ? ಅರ್ಧಕ್ಕಿಟ್ಟು ನೋಡಿದೆ. ಬೆಳಕು ಗಟ್ಟಿ ಮಜ್ಜಿಗೆಯ ಹಾಗೆ ನಿಂತಿತು. ಸಾಕು.

ಇನ್ನೂ ಒಂದು ಪದ್ಧತಿಯ ಮಾತು ಹೇಳಬೇಕು. ಈ ಹಲಗೆಗೆ ಬೆಳಕಿನ ಅಳತೆ ಸೊನ್ನೆಯಿಂದ ಇನ್ನೂರ ಐವತ್ತೈದು. ಸೊನ್ನೆ ಎಂದರೆ ಕತ್ತಲು. ಇನ್ನೂರ ಐವತ್ತೈದು ಎಂದರೆ ದೀಪ ಆರುವುದೇ ಇಲ್ಲ, ಪೂರ್ತಿ ಬೆಳಕು. ಹಳೆಯ ರೇಡಿಯೋದಿಂದ ಕಿತ್ತ ತಿರುಗುಗುಂಡಿಯೊಂದನ್ನು ಅದಕ್ಕೆ ಜೋಡಿಸಿದೆ. ಗುಂಡಿ ತಿರುಗಿಸಿದ ಹಾಗೆ ಅಂಕೆ ಏರಬೇಕು, ಕೊನೆಯವರೆಗೆ ತಿರುಗಿಸಿದರೆ ಇನ್ನೂರ ಐವತ್ತೈದಕ್ಕೆ ನಿಲ್ಲಬೇಕು ಎಂದು ಪುಸ್ತಕದಲ್ಲಿತ್ತು.

ನನಗೆ ಅದು ಜಿಪುಣತನ ಅನ್ನಿಸಿತು. ಹೋಟೆಲಿನಲ್ಲಿ ನೂರು ಜನಕ್ಕೆ ಅಕ್ಕಿ ಅಳೆದ ಮೇಲೆ ಕೊನೆಗೆ ಒಂದು ಹಿಡಿ ಜಾಸ್ತಿ ಹಾಕದೆ ನಾನು ಎಂದೂ ಹಂಡೆ ಮುಚ್ಚಿದವನಲ್ಲ. ಮುಚ್ಚಿದ ಮೇಲೆ ಯಾರಾದರೂ ಬಂದರೆ? ಬರಿಗೈ ತೋರಿಸುವುದೇ? ಗುಣವತಿಯ ಕೈ ಮೊದಲ ಸಲ ಊರಿಗೆ ಕಾಣುವ ದಿನ ಅಳತೆಗೆ ಸರಿಯಾಗಿ ಬೆಳಕು ಬಡಿಸುವುದೇ? ಇನ್ನೂರ ಐವತ್ತೈದು ಎಂದಿದ್ದ ಕಡೆ ಇನ್ನೂರ ಅರವತ್ತು ಎಂದು ಬರೆದೆ. ಒಂದು ಹಿಡಿ!

ಆ ದಿನ ಬಂತು. ಗುಣವತಿ ಬೆಳಗಿನ ಬಸ್ಸಿಗೇ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ಬಂದಿದ್ದಳು. ಈ ಊರಿನಲ್ಲಿ ಕೆಸುವಿನ ಗೆಡ್ಡೆ ಬೇಕಾದಷ್ಟು ಸಿಗುತ್ತದೆ, ಎಲೆಯನ್ನು ಕೇಳಿದರೆ ನಮ್ಮನ್ನು ಮೇಲೆ ಕೆಳಗೆ ನೋಡುತ್ತಾರೆ. ಸೊಪ್ಪಿನವಳಿಗೆ ಮೂರು ದಿನ ಮೊದಲೇ ಹೇಳಿಟ್ಟಿದ್ದಕ್ಕೆ ಹನ್ನೆರಡು ಎಲೆ ಸಿಕ್ಕಿತ್ತು. ಹನ್ನೆರಡೇ. ಹೆಚ್ಚಿಲ್ಲ. ಅವಳು ಅವುಗಳನ್ನು ಎಳೆಮಗುವಿನ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

ಅಷ್ಟರಲ್ಲಿ ನಾನು ಅಡುಗೆಮನೆಯ ಟ್ಯೂಬ್‌ಲೈಟನ್ನು ಚೌಕಟ್ಟು ಸಮೇತ ಕಿತ್ತಿದ್ದೆ. ಆ ಜಾಗದಲ್ಲೇ ನನ್ನ ದೀಪಮಾಲೆ. ಕಿಟಕಿಗೆ ಹಪ್ಪಳದ ಪೆಟ್ಟಿಗೆಯ ರಟ್ಟು ಬಡಿದಿದ್ದೆ, ಹಜಾರದ ಪರದೆಗಳನ್ನೂ ಎಳೆದಿದ್ದೆ. ನನ್ನ ಬೆಳಕಿಗೆ ಸೂರ್ಯನ ಕಲಬೆರಕೆ ಬೇಡ!

"ಕಿಟಕಿ ಯಾಕೆ ಮುಚ್ಚಿದ್ರಿ? ಶೆಖೆಗೆ ನಾನೇ ಬೇಯ್ತೇನೆ" ಎಂದಳು ಗುಣವತಿ.

"ಕಲೆಗೆ ಸ್ವಲ್ಪ ಬೇಯಬೇಕಾಗ್ತದೆ."

"ಹಾಗಾದ್ರೆ ನೀವು ಒಳಗೆ ಬನ್ನಿ, ನಾನು ಹೊರಗೆ ಕೂತು ಕಲೆ ನೋಡ್ತೇನೆ."

ತೇಜು ಕ್ಯಾಮೆರಾ ಹಿಡಿದು ಬಂದಳು. ನಾನು ಗುಂಡಿಯನ್ನು ಅರ್ಧ ತಿರುಗಿಸಿದೆ. ಆಹಾ! ಅಡುಗೆಮನೆ ಬೆಳ್ಳಿಯ ತಟ್ಟೆಯಾಯಿತು. ಗುಣವತಿ ಎಲೆಯೊಂದನ್ನು ಕವುಚಿ ಹಾಕಿ, ಅಕ್ಕಿ, ತೆಂಗಿನಕಾಯಿ, ಮೆಣಸು, ಹುಳಿ ಅರೆದ ಹಿಟ್ಟನ್ನು ಬೆರಳಿನಲ್ಲಿ ಸವರತೊಡಗಿದಳು. ಅದರ ಮೇಲೊಂದು ಎಲೆ, ಮತ್ತೆ ಹಿಟ್ಟು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ, ಯಾರಾದರೂ ಬೆಳಕಿನ ಬಗ್ಗೆ ಕೇಳಲಿ ಎಂದು.

ಕೇಳಿದಳು. "ಅಂಕಲ್, ಇದೇನು ಹೀಗೆ ಬರ್ತಿದೆ?"

ಕ್ಯಾಮೆರಾದ ಪರದೆ ನೋಡಿದೆ. ಗುಣವತಿಯ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಕ್ಕೆ ಮೆರವಣಿಗೆ ಹೊರಟಿದ್ದವು! ಕೈ ಮೇಲೆ, ಎಲೆ ಮೇಲೆ, ಹಿಟ್ಟಿನ ಮೇಲೆ. ನನ್ನ ಹೆಂಡತಿ ಜೈಲಿನಲ್ಲಿ ಕೂತು ಪತ್ರೊಡೆ ಮಾಡುತ್ತಿದ್ದ ಹಾಗೆ ಕಾಣುತ್ತಿತ್ತು. ಕಣ್ಣಿಗೆ ಏನೂ ಇಲ್ಲ. ಕ್ಯಾಮೆರಾ ಮಾತ್ರ ಸಪ್ಲೈಯರು ಒಬ್ಬನೇ ಎಂದು ಕಂಡುಹಿಡಿದುಬಿಟ್ಟಿತ್ತು!

"ನಿಮ್ಮ ಕ್ಯಾಮೆರಾ ರಿಪೇರಿ ಮಾಡಿಸಬೇಕು" ಎಂದೆ.

ಬಾಗಿಲಲ್ಲಿ ನಿಂತಿದ್ದ ಹರ್ಷಿಣಿ ಸಣ್ಣಗೆ ಕೆಮ್ಮಿದಳು.

ತೇಜು ಒಳ್ಳೆಯ ಹುಡುಗಿ. "ಪರವಾಗಿಲ್ಲ ಅಂಕಲ್. ಬೆಳಕು ಫುಲ್ ಇಟ್ಟುಬಿಡಿ. ದೀಪ ಆರದೇ ಇದ್ರೆ ಪಟ್ಟಿನೂ ಬರಲ್ಲ" ಎಂದಳು.

ಇದಕ್ಕೇ ಅಲ್ಲವೇ ನಾನು ಕಾದದ್ದು! ಪೂರ್ಣ ಬೆಳಕು! ಮೇಲೊಂದು ಹಿಡಿ! ಮುತ್ತಜ್ಜನನ್ನು ನೆನೆದು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

ಕತ್ತಲು.

ಮಂದ ಅಲ್ಲ, ಮಬ್ಬು ಅಲ್ಲ, ಹಂಡೆಯೊಳಗೆ ತಲೆ ಹಾಕಿದಂಥ ಕತ್ತಲು! ಮೇಲೆ ಎಲ್ಲೋ ಮಿಣುಕುಹುಳಕ್ಕೆ ಹುಷಾರಿಲ್ಲದ ಹಾಗೆ ಒಂದಿಷ್ಟು ಬೆಳಕಿನ ಕಲೆ.

"ಎಂತ ಮಾಡಿದ್ರಿ ಮಾರಾಯ್ರೆ!" ಗುಣವತಿ ಕೂಗಿದಳು. "ಯಾರೂ ಅಲ್ಲಾಡ್ಬೇಡಿ! ಎಲೆ ಉಂಟು ಇಲ್ಲಿ!"

ಯಾರೂ ಅಲ್ಲಾಡಲಿಲ್ಲ. ನಾನೊಬ್ಬ ಅಲ್ಲಾಡಿದೆ. ವಯರು ಸಡಿಲಾಗಿರಬೇಕು ಎಂದು ಕತ್ತಲಲ್ಲೇ ಮುನ್ನುಗ್ಗಿದೆ. ಕಾಲಿಗೆ ಮಣೆ ಸಿಕ್ಕಿತು. ಬೀಳಬಾರದೆಂದು ಎರಡು ಕೈಯನ್ನೂ ಊರಿದೆ. ಊರಿದ ಜಾಗ ಮೆತ್ತಗಿತ್ತು, ತಣ್ಣಗಿತ್ತು, ಖಾರದ ವಾಸನೆ ಬರುತ್ತಿತ್ತು. ಅಂಗೈಯ ಕೆಳಗೆ ಏನೋ ಪರ್‍ರೆಂದು ಹರಿಯಿತು.

ಎದುರುಮನೆಯ ವೆಂಕಟಲಕ್ಷ್ಮಿ ಮಾಮಿ ಕೂಗು ಕೇಳಿ ಓಡಿಬಂದರು. "ಎನ್ನ ಮಾಮಾ, ಕರೆಂಟ್ ಪೋಚ್ಚಾ? ಎಂಗ ವೀಟ್ಲ ಇರುಕ್ಕೇ!" ಎಂದು ಅಚ್ಚ ತಮಿಳಿನಲ್ಲಿ ನನ್ನ ಗಾಯಕ್ಕೆ ಉಪ್ಪು ಸವರಿದರು. ಕರೆಂಟು ಅವರ ಮನೆಯಲ್ಲೂ ಇತ್ತು, ನಮ್ಮ ಮನೆಯಲ್ಲೂ ಇತ್ತು. ಬುದ್ಧಿ ಮಾತ್ರ ಹೋಗಿತ್ತು.

ಹರ್ಷಿಣಿ ಕಿಟಕಿಯ ರಟ್ಟು ಕಿತ್ತಳು. ಬೆಳಕಿನಲ್ಲಿ ಕಂಡ ದೃಶ್ಯ ಹೇಳಲು ನಾಚಿಕೆ. ನನ್ನ ಮೊಣಕೈವರೆಗೆ ಹಿಟ್ಟು. ಹನ್ನೆರಡು ಎಲೆಗಳಲ್ಲಿ ಮೂರು ಚೂರುಚೂರು. ಗುಣವತಿ ಹರಿದ ಎಲೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು. ನಲವತ್ತನಾಲ್ಕು ವರ್ಷದಲ್ಲಿ ಅವಳು ಬೈಯದೆ ಇದ್ದದ್ದು ನನಗೆ ನೆನಪಿರುವ ಮಟ್ಟಿಗೆ ಎರಡನೆಯ ಸಲ. ಮೊದಲನೆಯದು ಮದುವೆಯ ದಿನ.

"ಗುಂಡಿ ಕೊನೆಗೆ ತಿರುಗಿಸಿದೆ. ಕೊನೆಗೇ ತಿರುಗಿಸಿದೆ!" ಎಂದೆ, ಯಾರೂ ಕೇಳದಿದ್ದರೂ.

ಹರ್ಷಿಣಿ ಲ್ಯಾಪ್‌ಟಾಪಿನ ಮೇಲಿದ್ದ ಪೇಪರು ತೆಗೆದು ನೋಡಿದಳು. "ಮಾವ, ಇದೇನು ಇನ್ನೂರ ಅರವತ್ತು?"

"ಒಂದು ಹಿಡಿ ಜಾಸ್ತಿ ಹಾಕಿದ್ದು."

ಅವಳಿಗೆ ನಗು ಬಂತು. ಅತ್ತೆಯ ಮುಖ ನೋಡಿ ನುಂಗಿದಳು. "ಮಾವ, ಇದರ ಲೋಟದಲ್ಲಿ ಹಿಡಿಯುವುದೇ ಇನ್ನೂರ ಐವತ್ತೈದು. ಒಂದು ಹನಿ ಹೆಚ್ಚಾದ್ರೆ ಚೆಲ್ಲುವುದಿಲ್ಲ, ಲೋಟವೇ ಖಾಲಿಯಾಗಿ ಮತ್ತೆ ಸೊನ್ನೆಯಿಂದ ಶುರು. ನಿಮ್ಮ ಇನ್ನೂರ ಅರವತ್ತು ಅಂದ್ರೆ ಇದಕ್ಕೆ ನಾಲ್ಕು."

ನಾಲ್ಕು! ಧಾರಾಳವಾಗಿ ಬಡಿಸಲು ಹೋಗಿ ನನ್ನ ಹೆಂಡತಿಯ ಎಲೆಗೆ ನಾಲ್ಕು ಅಗುಳು ಹಾಕಿದ್ದೆ!

"ಎರಡೂ ಸರಿ ಮಾಡ್ಲಾ? ಹತ್ತು ನಿಮಿಷ" ಎಂದಳು ಹರ್ಷಿಣಿ.

"ಈ ಹಲಗೆ ನನ್ನ ಕಣ್ಣೆದುರು ಇನ್ನು ಹೊತ್ತುವುದು ಬೇಡ" ಎಂದಳು ಗುಣವತಿ. ದನಿ ಸಣ್ಣದಿತ್ತು. "ಒಂಬತ್ತು ಎಲೆ ಉಂಟು. ಒಂದು ಸುರುಳಿಯಾದ್ರೂ ಆಗ್ತದೆ. ತೇಜು, ತಾರಸಿಯಲ್ಲಿ ಕೂತ್ರೆ ಆಗ್ತದಾ?"

"ಆಗತ್ತೆ ಆಂಟಿ. ಆದ್ರೆ ಬಿಸಿಲು ಮೇಲಿಂದ ಬೀಳತ್ತೆ, ಕೈ ಕೆಳಗೆಲ್ಲ ನೆರಳಾಗತ್ತೆ. ಲೈಟ್ ತಂದಿದ್ರೆ..." ಎಂದು ನನ್ನ ಕಡೆ ನೋಡಿದಳು. ನಾನು ಸೂರಿನ ಕಡೆ ನೋಡಿದೆ.

ತಾರಸಿಯಲ್ಲಿ ವೆಂಕಟಲಕ್ಷ್ಮಿ ಮಾಮಿಯ ಬಿಳಿ ಬೆಡ್‌ಶೀಟು ಒಣಗುತ್ತಿತ್ತು. ಅದನ್ನು ಬಿಡಿಸಿ ಹಿಡಿದರೆ ಬಿಸಿಲು ಅದಕ್ಕೆ ತಗುಲಿ ತಿರುಗಿ ಕೈ ಮೇಲೆ ಬೀಳುತ್ತದೆ, ನೆರಳು ಹೋಗುತ್ತದೆ ಎಂದಳು ತೇಜು. ಹಿಡಿಯಲು ಒಬ್ಬರು ಬೇಕು. ಎತ್ತರದವರು. ಅಲ್ಲಾಡದವರು.

ಎಲ್ಲರೂ ನನ್ನನ್ನೇ ನೋಡಿದರು.

ಹೀಗೆ, ಬೆಂಕಿಯನ್ನಾಳಿದ ವಂಶದ ಕುಡಿಯಾದ ನಾನು, ಮಧ್ಯಾಹ್ನದ ಬಿಸಿಲಿನಲ್ಲಿ, ಎರಡು ಕೈ ಮೇಲೆತ್ತಿ, ಪರರ ಬೆಡ್‌ಶೀಟು ಹಿಡಿದು ನಿಂತೆ.

"ಎಡಕ್ಕೆ ಅಂಕಲ್. ಇನ್ನೂ. ಸಾಕು! ಹಾಗೇ ಇರಿ. ಉಸಿರು ಮೆಲ್ಲಗೆ ಬಿಡಿ."

ಬೆಳಕು ಗುಣವತಿಯ ಕೈ ಮೇಲೆ ಬಿತ್ತು. ನಾನು ಆ ಕೈಯನ್ನು ಅಷ್ಟು ಹೊತ್ತು ನೋಡಿದವನೇ ಅಲ್ಲ. ಬೆರಳು ಎಲೆಯ ನಾರಿನ ಮೇಲೆ ಹಿಟ್ಟನ್ನು ಎಳೆಯುತ್ತಿದ್ದ ರೀತಿ, ಅಂಚನ್ನು ಮಡಚುವಾಗ ಕಿರುಬೆರಳು ಮೆಲ್ಲಗೆ ಒತ್ತುವ ರೀತಿ! ದೊಡ್ಡ ಅಡುಗೆಯವನಾದ ನನಗೆ ಆ ಮಡಿಕೆ ಬರುವುದಿಲ್ಲ. ಇದನ್ನು ಎಲ್ಲಿಯೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಆಗ ಶುರುವಾಯಿತು. ಹಸಿ ಕೆಸುವಿನ ಗುಣ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಬೇಯುವ ತನಕ ಅದು ತುರಿಕೆಯ ಭಂಡಾರ. ಹರಿದ ಎಲೆಯ ರಸ ನನ್ನ ಎರಡು ಅಂಗೈಗೂ ಚೆನ್ನಾಗಿ ಹಿಡಿದಿತ್ತು. ಮೊದಲು ಚುಳುಚುಳು, ಆಮೇಲೆ ಸಾವಿರ ಇರುವೆ, ಆಮೇಲೆ ಇರುವೆಗಳ ಸಂಸಾರ ಸಮೇತ ಸಂತರ್ಪಣೆ! ಕೆರೆದುಕೊಳ್ಳಬೇಕೆಂದರೆ ಬೆಡ್‌ಶೀಟು ಬಿಡಬೇಕು. ಬಿಟ್ಟರೆ ಕೈ ಮೇಲಿನ ಬೆಳಕು ಹೋಗುತ್ತದೆ. ಒಂಬತ್ತೇ ಎಲೆ. ಇನ್ನೊಂದು ಸಲ ಇಲ್ಲ.

ತೇಜು ಕ್ಯಾಮೆರಾದ ಹಿಂದಿನಿಂದ ಕೇಳಿದಳು. "ಆಂಟಿ, ನಿಮ್ಮ ಯಜಮಾನರು ದೊಡ್ಡ ಅಡುಗೆಯವರಂತೆ. ನಿಮಗೆ ಅಡುಗೆಯಲ್ಲಿ ಸಹಾಯ ಮಾಡ್ತಾರಾ?"

ಗುಣವತಿ ಸುರುಳಿಗೆ ದಾರ ಸುತ್ತುತ್ತಾ ತಲೆಯೆತ್ತದೆ ಹೇಳಿದಳು. "ಮಾಡ್ತಾರೆ. ಇವತ್ತು ಶುರು ಮಾಡಿದ್ದಾರೆ. ಅಡುಗೆಮನೆಯಿಂದ ಹೊರಗೆ ನಿಂತಿದ್ದಾರೆ."

ಮಾಮಿ, ಭಾಷೆ ತಿಳಿಯದಿದ್ದರೂ, ಎಲ್ಲರಿಗಿಂತ ಜೋರಾಗಿ ನಕ್ಕರು.

ಕಣ್ಣಲ್ಲಿ ನೀರು ಬಂತು. ತುರಿಕೆಗೆ ಎಂದೇ ಇಟ್ಟುಕೊಳ್ಳಿ. ಹರ್ಷಿಣಿ ನನ್ನ ಕೆಂಪಾದ ಅಂಗೈ ನೋಡಿಬಿಟ್ಟಳು. ತೆಂಗಿನೆಣ್ಣೆಯ ಬಟ್ಟಲು ಹಿಡಿದು ಮೆಲ್ಲಗೆ ಹತ್ತಿರ ಬಂದಳು.

"ಮಾವ, ಕೊಡಿ ಇಲ್ಲಿ. ನಾನು ಹಿಡೀತೇನೆ. ನೀವು ಎಣ್ಣೆ ಹಚ್ಚಿಕೊಳ್ಳಿ."

"ಬೇಡ ಮಗಾ, ನೀನು ಆಚೆ ಹೋಗು" ಎಂದೆ. "ಇದಕ್ಕೆ ವಯರೂ ಇಲ್ಲ, ಪ್ರೋಗ್ರಾಮೂ ಇಲ್ಲ. ಇಷ್ಟನ್ನಾದ್ರೂ ನಾನೊಬ್ಬನೇ ಮಾಡ್ತೇನೆ!"